ಸುಣ್ಣದ ಕಲ್ಲಿನ ನೆಪ

ಕೋಲಾರದ ಚಿನ್ನದ ಗಣಿಯ ಹೆಸರು ಹೊತ್ತ ಸಿನಿಮಾಕ್ಕೂ ನಮ್ಮ ಶಹಾಬಾದಕ್ಕೂ ಏನು ನಂಟು ಎಂದು ಕೇಳುವವರಿಗೆ ಉತ್ತರ ಆ ಸಿನಿಮಾದ ಕಥೆಯಲ್ಲೇ ಇದೆ. ‘ಕೆ.ಜಿ.ಎಫ್’ ಕಥೆಯ ಪ್ರಕಾರ 1951ರಲ್ಲಿ ಚಿನ್ನ ಸಿಗುತ್ತದೆ. ಸೂರ್ಯವರ್ಧನ ಎಂಬವನು ಆ ನೆಲವನ್ನು 99 ವರ್ಷಕ್ಕೆ ಗುತ್ತಿಗೆ ಹಿಡಿಯುತ್ತಾನೆ. ಸರ್ಕಾರಕ್ಕೆ ಹೇಳುವುದು ಮಾತ್ರ ಬೇರೆ: ಇದು ಸುಣ್ಣದ ಕಲ್ಲಿನ ಗಣಿ! ಅಂದರೆ ಕಥೆಯಲ್ಲಿ ನರಾಚಿ ಎಂದು ಕರೆಯುವ ಆ ಗಣಿಯ ಇಡೀ ಸಾಮ್ರಾಜ್ಯ ಅಡಗಿ ಕೂತಿರುವುದು ಸುಣ್ಣದ ಕಲ್ಲಿನ ನೆಪದ ಕೆಳಗೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದದ ಮಂದಿಗೆ ಸುಣ್ಣದ ಕಲ್ಲು ನೆಪವಲ್ಲ, ಊಟದ ಕಲ್ಲು. ಅದನ್ನು ನೆಲದಿಂದ ಎಬ್ಬಿಸುವ ಕೆಲಸ ಹೇಗೆ ನಡೆಯುತ್ತದೆ ಎಂದು ಈ ಸಭೆಗೆ ಯಾರೂ ಹೇಳಿಕೊಡಬೇಕಿಲ್ಲ. ಮೇಲಿನ ಮಣ್ಣು ತೆಗೆದ ಮೇಲೆ ಪದರು ಪದರಾಗಿ ಮಲಗಿದ ಕಲ್ಲು ಕಾಣುತ್ತದೆ. ಸಂದಿಗೆ ಚಾಣ ಇಟ್ಟು, ಸುತ್ತಿಗೆಯಿಂದ ಹದ ನೋಡಿ ಬಡಿದು, ಹಾರೆ ಹಾಕಿ ಮೀಟಿದರೆ ಹಂಚಿನ ಮೇಲಿಂದ ರೊಟ್ಟಿ ಎದ್ದಂತೆ ಪರಸಿ ಚಪ್ಪಡಿ ಏಳುತ್ತದೆ. ಒಂದು ಪೆಟ್ಟು ತಪ್ಪಿದರೆ ನಡುವೆ ಸೀಳುತ್ತದೆ. ಹಾಗಾಗಿ ಬಡಿಯುವವನಿಗೂ ಮೀಟುವವನಿಗೂ ನಡುವೆ ಮಾತು ನಡೆದೇ ಇರಬೇಕು. ಮಾತಿಲ್ಲದ ಖಣಿ ಎಂಬುದಿಲ್ಲ. ಇವತ್ತು ನಾನು ಹೇಳಬೇಕಾದದ್ದಕ್ಕೆಲ್ಲ ಇದೇ ಬುನಾದಿ.

2018ರ ಡಿಸೆಂಬರ್‌ನಲ್ಲಿ ಮೊದಲ ಭಾಗ, 2022ರ ಏಪ್ರಿಲ್‌ನಲ್ಲಿ ಎರಡನೆಯದು ತೆರೆಗೆ ಬಂದವು. ಪ್ರಶಾಂತ್ ನೀಲ್ ನಿರ್ದೇಶನ, ನಾಯಕ ರಾಕಿಯ ಪಾತ್ರದಲ್ಲಿ ಯಶ್. ಗಳಿಕೆಯಲ್ಲಿ ಸಾವಿರ ಕೋಟಿ ದಾಟಿದ ಮೊದಲ ಕನ್ನಡ ಸಿನಿಮಾ ಎರಡನೆಯ ಭಾಗ. ಇಷ್ಟು ದೊಡ್ಡ ಗೆಲುವಿನ ಹಿಂದೆ ಜಗಳವೂ ಬಂತು. ಕೋಲಾರದ ಗಣಿಯಲ್ಲಿ ತಲೆಮಾರುಗಟ್ಟಲೆ ದುಡಿದವರಲ್ಲಿ ಹೆಚ್ಚಿನವರು ತಮಿಳು, ತೆಲುಗು ಮಾತಾಡುವ ದಲಿತರು. ಅವರನ್ನು ಸಿನಿಮಾ ಅಳಿಸಿಹಾಕಿದೆ ಎಂದು ಒಂದು ಪಕ್ಷ. ಕನ್ನಡದ ಸಿನಿಮಾ ಕನ್ನಡದಲ್ಲಿ ಮಾತಾಡದೆ ಇನ್ನಾವುದರಲ್ಲಿ ಮಾತಾಡಬೇಕು ಎಂದು ಇನ್ನೊಂದು ಪಕ್ಷ. ದುಬೈಯಲ್ಲಿ ಕೂತ ಇನಾಯತ್ ಖಲೀಲ್‌ನನ್ನು ಒಂದು ಕಡೆ, ರಾಕಿಯ ನೆರಳಿನಂತಿರುವ ಖಾಸಿಂನನ್ನು ಇನ್ನೊಂದು ಕಡೆ ಇಟ್ಟು, ಕೆಟ್ಟ ಮುಸಲ್ಮಾನ ಎಷ್ಟು, ಒಳ್ಳೆಯ ಮುಸಲ್ಮಾನ ಎಷ್ಟು ಎಂದು ರನ್ ಎಣಿಸಿದಂತೆ ಎಣಿಸಿದವರೂ ಇದ್ದಾರೆ. ಆ ಲೆಕ್ಕ ನನಗೆ ಬೇಡ. ಖಳನ ಜಾತಿ, ಮತ, ನಾಡು ಯಾವುದು ಎಂದು ಹುಡುಕುವುದು ಸುಲಭ, ಏಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ಈ ಸಿನಿಮಾದ ನಿಜವಾದ ಪಡಿಯಚ್ಚು ಖಳರಲ್ಲಿಲ್ಲ, ಕೂಲಿಗಳಲ್ಲಿದೆ ಎಂಬುದು ನನ್ನ ವಾದ. ಒಂದು ಜನಾಂಗದ ಬಾಯಲ್ಲಿ ವಿಕಾರವಾದ ಮಾತು ಇಡುವುದು ಒಂದು ಬಗೆಯ ಅವಮಾನ. ಅದರ ಬಾಯಿಂದ ಮಾತನ್ನೇ ತೆಗೆದುಬಿಡುವುದು ಎರಡನೆಯ ಬಗೆ. ಮೊದಲನೆಯದಕ್ಕೆ ಪ್ರತಿಭಟನೆ ನಡೆಯುತ್ತದೆ. ಎರಡನೆಯದಕ್ಕೆ ಕೂಗುವವರೇ ಸಿಗುವುದಿಲ್ಲ. ಕೂಗಬೇಕಾದವರು ತೆರೆಯ ಮೇಲೆ ಇಲ್ಲವಲ್ಲ!

ಇದಕ್ಕೆ ಒಂದು ಸಣ್ಣ ಪರೀಕ್ಷೆ ಇದೆ. ಎರಡೂ ಭಾಗ ನಾಲ್ಕು ನಾಲ್ಕು ಸಲ ನೋಡಿದ ಅಭಿಮಾನಿಯನ್ನು ಹಿಡಿದು, ಅಧಿಕಾರದಲ್ಲಿದ್ದವರ ಹೆಸರು ಹೇಳು ಎನ್ನಿ. ಗರುಡ, ವಿರಾಟ್, ಅಧೀರ, ಆಂಡ್ರ್ಯೂಸ್, ಶೆಟ್ಟಿ, ಕಮಲ್, ರಾಜೇಂದ್ರ ದೇಸಾಯಿ, ಗುರುಪಾಂಡಿಯನ್, ಇನಾಯತ್ ಖಲೀಲ್, ರಮಿಕಾ ಸೇನ್ ಎಂದು ಉಸಿರು ಬಿಡದೆ ಹೇಳುತ್ತಾನೆ. ಕೂಲಿಗಳಲ್ಲಿ ಐವರ ಹೆಸರು ಹೇಳು ಎನ್ನಿ, ತಡವರಿಸುತ್ತಾನೆ. ತಪ್ಪು ಅವನ ನೆನಪಿನದಲ್ಲ. ಆ ಮೊದಲಿನ ಪಟ್ಟಿಯನ್ನು ಇನ್ನೊಮ್ಮೆ ಕೇಳಿಸಿಕೊಳ್ಳಿ: ಕರಾವಳಿಯ ಶೆಟ್ಟಿ, ಕ್ರೈಸ್ತ ಹೆಸರಿನ ಆಂಡ್ರ್ಯೂಸ್, ನಮ್ಮ ಕಡೆಯ ಕಿವಿಗೆ ಪರಿಚಿತವಾದ ದೇಸಾಯಿ, ತಮಿಳು ಹೆಸರಿನ ರಾಜಕಾರಣಿ ಪಾಂಡಿಯನ್, ಬಂಗಾಳಿ ಹೆಸರಿನ ಪ್ರಧಾನಿ. ದೊರೆಗಳಿಗೆಲ್ಲ ಒಂದೊಂದು ನಾಡು ಸಿಕ್ಕಿದೆ, ಕೂಲಿಗಳಿಗೆ ಇಲ್ಲ. ಅವರಿಗೆ ಸಿಕ್ಕಿದ್ದು ಮೈತುಂಬ ಮಸಿ ಮತ್ತು ಎಲ್ಲಿಯದೂ ಅಲ್ಲದ ಒಂದು ಕನ್ನಡ. ಅದು ಕೋಲಾರದ್ದಲ್ಲ, ಮಂಡ್ಯದ್ದಲ್ಲ, ಕಲಬುರಗಿಯದಂತೂ ಅಲ್ಲವೇ ಅಲ್ಲ. ಇಲ್ಲಿ ಒಂದು ತಮಾಷೆಯನ್ನೂ ಗಮನಿಸಬೇಕು, ಯಾಕೋ ಇದರ ಬಗ್ಗೆ ಹೆಚ್ಚು ಚರ್ಚೆ ಆಗಿಲ್ಲ. ಸಿನಿಮಾ ತಮಿಳಿಗೆ ಡಬ್ ಆಯಿತು, ತಮಿಳುನಾಡಿನಲ್ಲಿ ಚೆನ್ನಾಗಿಯೇ ಓಡಿತು. ಆ ತಮಿಳು ಆವೃತ್ತಿಯಲ್ಲಿ ಚಿನ್ನದ ಗಣಿಯ ಕೂಲಿ ತಮಿಳು ಮಾತಾಡುತ್ತಾನೆ. ಅಂದರೆ ಚರಿತ್ರೆಗೆ ಹತ್ತಿರವಾದದ್ದು ಮೂಲವಲ್ಲ, ಡಬ್ಬಿಂಗ್! ಆದರೆ ಆ ಗೆಲುವೂ ಗೆಲುವಲ್ಲ. ಅಲ್ಲಿ ಮೈಸೂರಿನಲ್ಲಿ ಹುಟ್ಟಿದ ರಾಕಿಯೂ ತಮಿಳೇ ಮಾತಾಡುತ್ತಾನೆ, ಗರುಡನೂ ತಮಿಳೇ. ದೊರೆಗೂ ಕೂಲಿಗೂ ನಡುವಿನ ಮಾತಿನ ಅಂತರ ಅಲ್ಲಿಯೂ ಮಾಯ. ಐದು ಭಾಷೆಗಳಲ್ಲಿ ಬಂದ ಸಿನಿಮಾದಲ್ಲಿ, ಒಂದೇ ಜಾಗದಲ್ಲಿ ಎರಡು ಭಾಷೆಗಳಿದ್ದವು ಎಂಬ ಸತ್ಯಕ್ಕೆ ಮಾತ್ರ ಜಾಗ ಸಿಗಲಿಲ್ಲ.

ಕೋಲಾರದ ಗಣಿಯ ಚರಿತ್ರೆ ತಮಗೆ ಗೊತ್ತಿರುವುದೇ, ನಾಲ್ಕು ಸಾಲಿನಲ್ಲಿ ಮುಗಿಸುತ್ತೇನೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು, 1902ರಲ್ಲಿ ಶಿವನಸಮುದ್ರದ ಕರೆಂಟು ಬಂತು, ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿಯಿತು, 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದು ಆ ಆಳಕ್ಕೆ ಇಳಿದವರು ಬರೀ ಇಳಿದು ಹತ್ತಿದವರಲ್ಲ. ಗಣಿಯೂರಿನ ಮಾರಿಕುಪ್ಪಂನಲ್ಲಿ ತಮಿಳು ದಲಿತ ಚಿಂತಕ ಅಯೋತಿ ದಾಸ ಪಂಡಿತರ ಶಾಕ್ಯ ಬೌದ್ಧ ಸಂಘದ ಶಾಖೆ ಕಟ್ಟಿದರು. ಸಿದ್ಧಾರ್ಥನ ಹೆಸರಿನಲ್ಲಿ ಮುದ್ರಣಾಲಯ ನಡೆಸಿ ಪುಸ್ತಕ ಅಚ್ಚು ಹಾಕಿದರು. ಪಂಡಿತರ ‘ತಮಿಳನ್’ ಪತ್ರಿಕೆ ನಿಂತುಹೋದ ಮೇಲೆ ಅದನ್ನು ಮತ್ತೆ ಹೊರಡಿಸಿದ್ದು ಇದೇ ಗಣಿಯೂರಿನಿಂದ. 1930ರಲ್ಲಿ, ಹೆಬ್ಬೆರಳಿನ ಗುರುತು ಕೊಡಿ ಎಂದಾಗ, ನಾವೇನು ಕಳ್ಳರೇ ಎಂಬಂತೆ ಕೆಲಸ ನಿಲ್ಲಿಸಿ ಹೊರಗೆ ಬಂದರು. ಸ್ವಾತಂತ್ರ್ಯದ ನಂತರ ಅಂಬೇಡ್ಕರರ ಆಶಯದ ರಿಪಬ್ಲಿಕನ್ ಪಕ್ಷದಿಂದ ಶಾಸಕರನ್ನು ಆರಿಸಿ ವಿಧಾನಸಭೆಗೆ ಕಳಿಸಿದ ಕ್ಷೇತ್ರ ಅದು. ಇಂಥ ಜನ ತೆರೆಗೆ ಬಂದಾಗ ಏನಾದರು? ಕಾವಲಿನವನ ಬಂದೂಕಿನೆದುರು ಕುರಿಮಂದೆಯಂತೆ ನಿಂತು, ಮುಂಬಯಿಯಿಂದ ಒಬ್ಬ ಬರಲಿ ಎಂದು ಕಾಯುವವರಾದರು. ಅಚ್ಚುಮೊಳೆ ಜೋಡಿಸಿದ ಕೈಗಳು ಅವು ಎಂಬುದನ್ನು ಮರೆತರೆ ಮಾತ್ರ ಈ ಚಿತ್ರ ನಂಬಲು ಬರುತ್ತದೆ.

ಹೆಸರಿನ ಮಾತು ಬಂದದ್ದರಿಂದ ಸ್ವಲ್ಪ ಅಡ್ಡದಾರಿ ಹಿಡಿಯುತ್ತೇನೆ, ಸಹಿಸಿಕೊಳ್ಳಿ. ಈ ಸಿನಿಮಾದ ಕಥೆ ಹೇಳುವ ಪತ್ರಕರ್ತನ ಹೆಸರು ಆನಂದ ಇಂಗಳಗಿ. ಅನಂತನಾಗ್ ಮಾಡಿದ ಪಾತ್ರ. ಎರಡನೆಯ ಭಾಗದಲ್ಲಿ ಮಗ ವಿಜಯೇಂದ್ರ ಇಂಗಳಗಿ, ಅದನ್ನು ಮಾಡಿದ್ದು ಪ್ರಕಾಶ್ ರಾಜ್. ವಾಡಿಯ ಮಗ್ಗುಲಲ್ಲೇ ಇಂಗಳಗಿ ಇರುವಾಗ ಈ ಹೆಸರು ಕೇಳಿ ನಮ್ಮವರ ಕಿವಿ ನಿಮಿರದೆ ಇರುತ್ತದೆಯೇ? ಊರುಗಳ ಹೆಸರಿನಿಂದಲೇ ನಾಡಿನ ಕಥೆ ಓದಬಹುದು ಎಂದು ನಮ್ಮ ಗುರುಗಳ ಗುರು ಶಂಬಾ ಜೋಶಿಯವರು ‘ಎಡೆಗಳು ಹೇಳುವ ಕಂನಾಡ ಕತೆ’ ಬರೆದರು. ರಾಜನನ್ನು ಆಮೇಲೆ ವಿಚಾರಿಸು, ಮೊದಲು ಊರನ್ನು ಕೇಳು ಎಂಬ ಪಾಠ ಈ ಭಾಗದ ಕನ್ನಡ ಮಾಸ್ತರರ ಬಾಯಲ್ಲಿ ಅವರಿಂದಲೇ ಇಳಿದು ಬಂದದ್ದು. ಎಂ.ಎಂ. ಕಲಬುರ್ಗಿಯವರು ಶಾಸನದ ಕಲ್ಲನ್ನು ಓದಿಸಿದ್ದೂ ಅದೇ ದಾರಿಯಲ್ಲಿ. ಆದರೆ ಅವರೇ ಕಲಿಸಿದ ಶಿಸ್ತಿನಿಂದ ನೋಡಿದರೆ, ಇಂಗಳಗಿ ಎಂಬ ಹೆಸರಿನ ಊರು ವಿಜಯಪುರದ ಕಡೆಯೂ ಇದೆ, ಧಾರವಾಡದ ಕಡೆಯೂ ಇದೆ. ಪತ್ರಕರ್ತ ನಮ್ಮ ವಾಡಿಯವನೇ ಎಂದು ಮೀಸೆ ತಿರುವಲು ಬರುವುದಿಲ್ಲ. ನಾನು ತೋರಿಸಬೇಕಾದದ್ದು ಬೇರೆ. ಕಥೆ ಹೇಳುವವನಿಗೆ ಊರಿದೆ. ಕಥೆಯಲ್ಲಿ ಸಾಯುವವರಿಗೆ ಇಲ್ಲ.

ಇದಕ್ಕೆ ಆಕ್ಷೇಪಗಳು ಬಲವಾಗಿಯೇ ಇವೆ. ಇದೆಲ್ಲ ಕಾಲ್ಪನಿಕ, ನರಾಚಿ ಎಂಬುದು ಕೋಲಾರವೇ ಅಲ್ಲ ಎಂಬುದು ಮೊದಲನೆಯದು. ಹಾಗಿದ್ದರೆ ಸಿನಿಮಾಕ್ಕೆ ‘ನರಾಚಿ’ ಎಂದೇ ಹೆಸರಿಡಬಹುದಿತ್ತು. ಕೆ.ಜಿ.ಎಫ್ ಎಂಬ ಮೂರು ಅಕ್ಷರಕ್ಕೆ ಒಂದು ತೂಕ ಇದೆ, ಆ ತೂಕ ಅಲ್ಲಿ ಸತ್ತವರಿಂದ ಬಂದದ್ದು. ಅಲ್ಲಿಯ ಸೈನೈಡ್ ದಿಬ್ಬಗಳ ಮೇಲೆ ಕ್ಯಾಮೆರಾ ಇಟ್ಟು ಚಿತ್ರ ತೆಗೆದ ಮೇಲೆ, ದಿಬ್ಬ ನಮ್ಮದು, ಅದನ್ನು ಪೇರಿಸಿದ ಜನರಿಗೂ ನಮಗೂ ಸಂಬಂಧವಿಲ್ಲ ಎನ್ನಲಾಗದು. ಎರಡನೆಯ ಆಕ್ಷೇಪಕ್ಕೆ ನಾನು ಅರ್ಧ ಸೋಲುತ್ತೇನೆ. ಕೂಲಿಗಳನ್ನು ತಮಿಳರೆಂದು ತೋರಿಸಿ, ಅವರನ್ನು ತುಳಿಯುವವರನ್ನು ಕನ್ನಡಿಗರೆಂದು ತೋರಿಸಿದ್ದರೆ ಗತಿ ಏನಾಗುತ್ತಿತ್ತು? ಕಾವೇರಿಯ ಹೆಸರಿನಲ್ಲಿ 1991ರ ಡಿಸೆಂಬರ್‌ನಲ್ಲಿ ಬೆಂಗಳೂರು ಕಂಡ ಗಲಭೆಯನ್ನು ನೆನೆದರೆ ನಿರ್ಮಾಪಕರ ಮೌನದಲ್ಲಿ ಜಾಣತನ ಇತ್ತು ಎನ್ನಬಹುದು. ಕಿಡಿ ಬೀಳದಂತೆ ನೋಡಿಕೊಂಡರು ಎಂದು ಒಪ್ಪೋಣ. ಆದರೆ ಅಷ್ಟು ಎಚ್ಚರ ಇದ್ದವರು ರಾಜಕಾರಣಿಗೆ ಗುರುಪಾಂಡಿಯನ್ ಎಂದು ಹೆಸರಿಡುವಾಗ ಏಕೆ ಹಿಂಜರಿಯಲಿಲ್ಲ? ತಮಿಳು ಹೆಸರು ಒಳಸಂಚಿನ ರಾಜಕೀಯಕ್ಕೆ ಒಗ್ಗುತ್ತದೆ, ದುಡಿಮೆಗೆ ಒಗ್ಗುವುದಿಲ್ಲ ಎಂದಾದರೆ ಅದು ಎಚ್ಚರವಲ್ಲ, ಆಯ್ಕೆ. ಸಮೂಹವನ್ನು ಸಮೂಹವಾಗಿಯೇ ತೋರಿಸುವುದು ಹೊಡೆದಾಟದ ಸಿನಿಮಾದ ವ್ಯಾಕರಣ, ಒಬ್ಬ ಎದ್ದು ಕಾಣಬೇಕಾದರೆ ಸಾವಿರ ಜನ ತಗ್ಗಬೇಕು ಎಂದು ಇನ್ನು ಕೆಲವರು ಹೇಳುತ್ತಾರೆ. ನಿಜ, ಪ್ರತಿ ಕೂಲಿಗೂ ಕಥೆ ಬೇಕೆಂದು ಯಾರೂ ಕೇಳುತ್ತಿಲ್ಲ. ಒಬ್ಬ ಮುದುಕಿ ತನ್ನ ಮಾತಿನಲ್ಲಿ ಒಂದು ಬೈಗುಳ ಬೈದಿದ್ದರೆ, ಒಬ್ಬ ತಾಯಿ ತನ್ನ ಭಾಷೆಯಲ್ಲಿ ಜೋಗುಳ ಹಾಡಿದ್ದರೆ ನಾಯಕನ ಎತ್ತರ ಒಂದು ಅಂಗುಲವೂ ಕಡಿಮೆಯಾಗುತ್ತಿರಲಿಲ್ಲ.

ಇದು ಒಂದು ಸಿನಿಮಾದ ರೋಗವಲ್ಲ. ನಮ್ಮ ರಾಯಚೂರು ಜಿಲ್ಲೆಯಲ್ಲೇ ಹುಟ್ಟಿದ ರಾಜಮೌಳಿ 2015ರ ‘ಬಾಹುಬಲಿ’ಯಲ್ಲಿ ಕಾಲಕೇಯರೆಂಬ ಬುಡಕಟ್ಟಿನವರನ್ನು ತಂದರು. ಅವರಿಗಾಗಿ ಮದನ್ ಕಾರ್ಕಿ 700ಕ್ಕೂ ಹೆಚ್ಚು ಪದಗಳ ಕಿಲಿಕಿ ಭಾಷೆಯನ್ನೇ ಕಟ್ಟಿಕೊಟ್ಟರು. ಮಾತು ಸಿಕ್ಕಿತು, ಆದರೆ ಮನುಷ್ಯತ್ವ ಸಿಗಲಿಲ್ಲ. ಕರಿ ಮೈ, ಹಳದಿ ಹಲ್ಲು, ಕ್ರೌರ್ಯ ಇಷ್ಟರಲ್ಲೇ ಒಂದು ಬುಡಕಟ್ಟು ಮುಗಿಯಿತು. ನರಾಚಿಯಲ್ಲಿ ಇದರ ತಿರುವುಮುರುವು: ಅಲ್ಲಿ ಕರುಣೆ ಹೇರಳವಾಗಿದೆ, ಮಾತಿಲ್ಲ. ಎರಡೂ ಕಡೆ ಕಪ್ಪು ಬಣ್ಣ ಮಾತ್ರ ಸಾಮಾನ್ಯ. 2024ರ ಆಗಸ್ಟ್‌ನಲ್ಲಿ ಪಾ. ರಂಜಿತ್ ‘ತಂಗಲಾನ್’ ತಂದು ಅದೇ ಗಣಿಯ ಕಥೆಯನ್ನು ಉತ್ತರ ಆರ್ಕಾಟಿನ ಕಡೆಯಿಂದ ಹೇಳಿದರು. ಅಲ್ಲಿ ಕೂಲಿಗೆ ಹೆಸರಿದೆ, ಹೆಂಡತಿಯಿದ್ದಾಳೆ, ಸಾಲವಿದೆ, ಸಿಟ್ಟಿದೆ, ಗಡುಸಾದ ತಮಿಳಿದೆ. ಮಾಟ, ಮಾಯೆಗಳು ಮೇಲೆ ಬಂದು ಚರಿತ್ರೆಯನ್ನು ಅಲ್ಲಲ್ಲಿ ಮಬ್ಬು ಮಾಡುತ್ತವೆ ಎಂಬುದು ಬೇರೆ ಮಾತು. ಗಳಿಕೆಯಲ್ಲಿ ಅದು ರಾಕಿಯ ಹತ್ತಿರಕ್ಕೂ ಬರಲಿಲ್ಲ. ಆದರೆ ಕೇಳುವ ಕಿವಿ ಇದ್ದರೆ ಆ ಕೂಲಿ ಮಾತಾಡಬಲ್ಲ ಎಂದು ತೋರಿಸಿತು.

ಈಗ ನಮ್ಮ ಕಡೆ ತಿರುಗೋಣ. ಕನ್ನಡ ಸಿನಿಮಾ ನಮ್ಮ ಮಾತನ್ನು ಹೇಗೆ ನಡೆಸಿಕೊಂಡಿದೆ ಎಂಬುದು ಇಲ್ಲಿ ಕೂತವರಿಗೆಲ್ಲ ಗೊತ್ತು. ‘ಏನಲೇ’ ಎಂದರೆ ಒಂದೋ ನಗಿಸುವವನು, ಇಲ್ಲವೇ ಮಚ್ಚು ಹಿಡಿದವನು. ಪ್ರೀತಿಸುವವನು, ಡಾಕ್ಟರು, ಕಲೆಕ್ಟರು ಇವರೆಲ್ಲ ಬೆಂಗಳೂರು ಕನ್ನಡದಲ್ಲೇ ಪ್ರೀತಿಸಬೇಕು, ಚೀಟಿ ಬರೆಯಬೇಕು, ಸಹಿ ಹಾಕಬೇಕು. ಮಂಗಳೂರಿನವರಿಗೆ ಅಡುಗೆ ಭಟ್ಟನ ಪಾತ್ರ, ಮಾರವಾಡಿಗೆ ಬಡ್ಡಿ ಸೇಠು, ನೇಪಾಳದವನಿಗೆ ಗೂರ್ಖಾ. ಇದರ ವಿರುದ್ಧ ನಾವು ಎಷ್ಟು ಸಲ ಗೊಣಗಿದ್ದೇವೆ! ಆ ಗೊಣಗು ನ್ಯಾಯವಾದರೆ ಮಾರಿಕುಪ್ಪಂನವರದೂ ನ್ಯಾಯವೇ. ಆದರೆ ನಮಗೆ ಒಂದು ಆಸರೆ ಇತ್ತು. ಗೀತಾ ನಾಗಭೂಷಣ ಇದ್ದರು. ಕಾಲೇಜಿನಲ್ಲಿ ಪಾಠ ಹೇಳುತ್ತಲೇ, ಕಲಬುರಗಿಯ ಓಣಿಗಳಲ್ಲಿ ದುಡಿಯುವ ಹೆಂಗಸರು ಆಡುವ ಮಾತನ್ನು ಹಾಗೇ ಕಾಗದಕ್ಕೆ ಇಳಿಸಿದವರು. ‘ಬದುಕು’ ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ, ಅದನ್ನು ಪಡೆದ ಕನ್ನಡದ ಮೊದಲ ಲೇಖಕಿ ಅವರಾದರು. ಈ ಭಾಷೆ ಓದುಗನಿಗೆ ತೊಡಕಾಗುತ್ತದೆ, ಸ್ವಲ್ಪ ತಿಳಿ ಮಾಡಿ ಎಂಬ ಸಲಹೆಗೆ ಅವರ ಪುಟಗಳೇ ಉತ್ತರ. ಓದುಗ ತೊಡಕಿಕೊಂಡ, ಆಮೇಲೆ ಓದಿದ.

ಆದರೂ ಕೆಲವು ಪ್ರಶ್ನೆಗಳು ನನ್ನನ್ನು ಬಿಡುತ್ತಿಲ್ಲ. ನಾಳೆ ಒಬ್ಬ ಕನ್ನಡದ ನಿರ್ದೇಶಕ ಅದೇ ಗಣಿಯ ಕಥೆಯನ್ನು ಅರ್ಧ ತಮಿಳಿನಲ್ಲಿ, ಕೆಳಗೆ ಕನ್ನಡದ ಸಾಲು ಹಾಕಿ ತೆಗೆದರೆ, ಅದನ್ನು ಕನ್ನಡ ಸಿನಿಮಾ ಎಂದು ಒಪ್ಪುತ್ತೇವೆಯೇ, ಪೋಸ್ಟರ್ ಹರಿಯುತ್ತೇವೆಯೇ? ಶಹಾಬಾದದ ಖಣಿಯ ಮೇಲೆ ಸಿನಿಮಾ ಬಂದರೆ ಅದರಲ್ಲಿ ಉರ್ದು ಎಷ್ಟಿರಬೇಕು, ತೆಲುಗು ಎಷ್ಟು, ಲಂಬಾಣಿ ಎಷ್ಟು, ನಮ್ಮ ಕನ್ನಡ ಎಷ್ಟು? ತಕ್ಕಡಿ ಹಿಡಿಯುವವರು ಯಾರು? ಕನ್ನಡದ ಸಿನಿಮಾ ದೇಶ ಗೆದ್ದಿತು ಎಂಬ ಹಿಗ್ಗು ನನಗೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆ ಹಿಗ್ಗಿನಲ್ಲಿ ಎಷ್ಟು ಪಾಲು ಆ ಮಾತಿಲ್ಲದ ಸಾಲುಗಳ ಮೇಲೆ ನಿಂತಿದೆ? ಕೂಲಿಗಳು ಮಾತಾಡಿದ್ದರೆ ರಾಕಿಯ ಮಾತಿಗೆ ಅಷ್ಟು ಶಿಳ್ಳೆ ಬೀಳುತ್ತಿತ್ತೇ? ನನ್ನ ಹತ್ತಿರ ಉತ್ತರವಿಲ್ಲ. ಈಗ ಸಭೆಯ ಸರದಿ. ಇಲ್ಲಿ ಖಣಿಯಲ್ಲಿ ದುಡಿದವರು, ಪಾಲಿಶ್ ಮಷೀನಿನ ಮುಂದೆ ನಿಂತವರು ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬಂದು ಮೈಕು ತಗೊಳ್ಳಿ. ಯಾವ ಭಾಷೆಯಲ್ಲಾದರೂ ಸರಿ.