ಮುತ್ಯಾ ಎಲ್ಲದಕ್ಕೂ ‘ಹೂಂ’ ಅಂದ

ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ದೀರಾ? ಹಾಗಾದ್ರೆ ಒಂದು ಕೆಲಸ ಮಾಡಿ. ಎರಡನ್ನೂ ಕಿವಿಯಿಂದ ತೆಗೆದು ತೊಡೆಯ ಮೇಲಿಟ್ಟುಕೊಳ್ಳಿ, ಐದು ಸೆಕೆಂಡ್ ಸಾಕು.

ಬಂದ್ರಾ ವಾಪಸ್? ದನಿ ಬರ್ತಿತ್ತು, ಮಾತು ತಿಳೀತಿರಲಿಲ್ಲ, ಅಲ್ವಾ? ಕಿವಿ ಮಷಿನ್ ಇಲ್ಲದಾಗ ನಮ್ಮ ಮುತ್ಯಾನ ಪರಿಸ್ಥಿತಿ ಹೆಚ್ಚುಕಡಿಮೆ ಇದೇ. ಮುತ್ಯಾ ಅಂದ್ರೆ ನಮ್ಮ ಬೀದರ್ ಕಡೆ ಅಜ್ಜ. ಬೆಂಗಳೂರು, ಮೈಸೂರು ಕಡೆಯಿಂದ ಕೇಳೋರಿಗೆ ಹೇಳ್ದೆ.

ಮುತ್ಯಾನ ವಯಸ್ಸು 86, ಊರು ಔರಾದ್ ತಾಲೂಕಿನ ಒಂದು ಹಳ್ಳಿ. ಒಂದು ಶುಕ್ರವಾರ ಬೆಳಗ್ಗೆ ಅಂಗಳದಲ್ಲಿ ಜಾರಿ ಬಿದ್ದ. ಸೊಂಟದ ಕೀಲಿನ ಹತ್ತಿರ ಮೂಳೆ ಮುರಿದಿತ್ತು. ಬೀದರ್‌ನ ಒಂದು ಆಸ್ಪತ್ರೆಗೆ ತಂದೆವು. ಎಕ್ಸ್‌ರೇಗೆ ಕರೆದೊಯ್ಯುವ ಮುಂಚೆ ‘ಮೈಮೇಲಿನ ಸಾಮಾನು ತೆಗೀರಿ’ ಅಂದರು. ಬೆಳ್ಳಿ ಉಡದಾರ, ಉಂಗುರ, ವಾಚು, ಅದರ ಜೊತೆ ಕಿವಿ ಮಷಿನ್. ನಮ್ಮ ಅತ್ತಿ ಎಲ್ಲವನ್ನೂ ಒಂದು ಕರ್ಚೀಫಿನಲ್ಲಿ ಗಂಟು ಕಟ್ಟಿ, ಕಳುವಾಗಬಾರದು ಅಂತ ಸಂಜೆಯ ಬಸ್ಸಿಗೆ ಔರಾದಿಗೆ ಒಯ್ದುಬಿಟ್ಟಳು. ಅವಳನ್ನ ನಾನು ಬೈಯಲ್ಲ. ಅಲ್ಲೇ ನಿಂತಿದ್ದ ನನಗೂ ಅದು ತಪ್ಪು ಅಂತ ಹೊಳೆಯಲಿಲ್ಲ. ನಮ್ಮ ಮನೆಯಲ್ಲಿ ಕಿವಿ ಮಷಿನ್ ಅಂದ್ರೆ ಒಡವೆಯ ಲೆಕ್ಕ: ಮದುವೆಗೆ ಹಾಕೋದು, ಮನೆಗೆ ಬಂದು ತೆಗೆದಿಡೋದು.

ಶನಿವಾರ ಡಾಕ್ಟರ್ ಬಂದು ಕೇಸ್ ಶೀಟ್ ತುಂಬಿಸಿದರು. ಎಲ್ಲರೂ ಮಾಸ್ಕ್ ಹಾಕಿದ್ದರು, ಅಂದ್ರೆ ತುಟಿ ನೋಡಿ ತಿಳ್ಕೊಳ್ಳೋ ದಾರಿಯೂ ಬಂದ್.

“ಅಜ್ಜಾರೇ, ಶುಗರ್ ಅದಾ?”

“ಹೂಂ.”

“ಬಿಪಿ?”

“ಹೂಂ.”

“ದಿನಾ ಏನಾದ್ರೂ ಗುಳಿಗಿ ತಗೋತೀರಿ?”

“ಹೂಂ.”

“ಯಾವ ಗುಳಿಗಿ?”

“ಹೂಂ.”

ಕಿವಿ ಕೇಳದ ಹಿರಿಯರು ಮನೆಯಲ್ಲಿದ್ದರೆ ಈ ‘ಹೂಂ’ ನಿಮಗೆ ಗೊತ್ತಿರುತ್ತೆ. ಅದು ಒಪ್ಪಿಗೆ ಅಲ್ಲ. ಎದುರಿಗಿದ್ದವರನ್ನ ಮೂರು ಸಲ ಕೇಳಿಸಿ ಬೇಜಾರು ಮಾಡಬಾರದು ಅನ್ನೋ ಮರ್ಯಾದೆ. ರಕ್ತದ ರಿಪೋರ್ಟ್ ಬಂತು, ಶುಗರ್ ಇರಲಿಲ್ಲ. ಆಮೇಲೆ ಮುತ್ಯಾನ ಯಾವ ಮಾತಿಗೂ ಬೆಲೆ ಉಳಿಯಲಿಲ್ಲ. ಶೀಟಿನಲ್ಲಿ ‘ರೋಗಿ ಗೊಂದಲದಲ್ಲಿದ್ದಾರೆ’ ಅಂತ ಬರೆದರು. ರಾತ್ರಿ ಮುತ್ಯಾ ಸಲೈನ್ ಸೂಜಿ ಕಿತ್ತು ಹಾಕಿದ. ಕತ್ತಲಲ್ಲಿ ಯಾರೋ ಬಂದು ಕೈ ಹಿಡೀತಾರೆ, ಯಾಕೆ ಅಂತ ಕೇಳಿಸೋದಿಲ್ಲ, ನಾನಾಗಿದ್ದರೂ ಕೀಳ್ತಿದ್ದೆ. ಮಂಪರಿನ ಇಂಜೆಕ್ಷನ್ ಕೊಡೋ ಮಾತು ಶುರುವಾಯಿತು. ಆಪರೇಷನ್ ಸೋಮವಾರ ಬೆಳಗ್ಗೆ.

ಆ ರಾತ್ರಿ ಫೋನಿನಲ್ಲಿ ಓದ್ತಾ ಕೂತಾಗ ಒಂದು ವಿಷಯ ಸಿಕ್ಕಿತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಶರೋನ್ ಇನೋಯೆ ಎಂಬ ವೈದ್ಯೆ ಮತ್ತು ಅವರ ತಂಡ 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆಸ್ಪತ್ರೆ ಸೇರಿದ 70 ದಾಟಿದ 852 ಜನ. ಅರ್ಧ ಜನರಿಗೆ ಮಾಮೂಲಿ ಆರೈಕೆ. ಉಳಿದರ್ಧ ಜನರಿಗೆ ಅದರ ಜೊತೆ ಸಣ್ಣಸಣ್ಣ ಕೆಲಸಗಳು: ಕನ್ನಡಕ ಕೊಡೋದು, ಕಿವಿಯ ಗುಗ್ಗೆ ತೆಗೆಯೋದು, ಕೇಳೋ ಸಾಧನ ಕೊಡೋದು, ಎಬ್ಬಿಸಿ ನಡೆಸೋದು, ನೀರು ಕುಡಿಸೋದು, ರಾತ್ರಿ ನಿದ್ದೆಗೆ ಅನುಕೂಲ ಮಾಡೋದು. ಮಾಮೂಲಿ ಆರೈಕೆಯವರಲ್ಲಿ ಶೇ 15 ಜನಕ್ಕೆ ಇದ್ದಕ್ಕಿದ್ದ ಹಾಗೆ ಬುದ್ಧಿ ಗಲಿಬಿಲಿಯಾದರೆ, ಈ ಕಡೆ ಶೇ 9.9 ಜನಕ್ಕೆ. ಬರೀ ಕಿವಿ ಮಷಿನ್‌ನಿಂದ ಇಷ್ಟು ಅಂತ ಹೇಳೋಕಾಗಲ್ಲ, ಎಲ್ಲ ಸೇರಿ ಈ ಫರಕು. ಆದರೆ ನನಗೆ ಅಷ್ಟೇ ಸಾಕಾಯಿತು. ಭಾನುವಾರ ಬೆಳಗ್ಗೆ ಆರಕ್ಕೆ ಬೈಕ್ ತೆಗೆದೆ.

ಬೀದರ್‌ನಿಂದ ಸಂತಪುರ ದಾಟಿ ಔರಾದ್, ಸುಮಾರು 40 ಕಿಲೋಮೀಟರ್. ಅತ್ತಿ ಗಂಟು ಬಿಚ್ಚಿದಳು. ಮಷಿನ್ ಸತ್ತಿತ್ತು. ಮೊದಲು ಅದರ ಗುಂಡಿ ನೋಡಿದೆ. ಇದು ಕಿವಿ ಹಿಂದೆ ಕೂರುವ ಹಳೇ ನಮೂನೆಯ ಮಷಿನ್, ಓ, ಟಿ, ಎಂ ಅಂತ ಮೂರು ಅಕ್ಷರ ಇರುತ್ತವೆ. ಓ ಅಂದ್ರೆ ಬಂದ್, ಎಂ ಅಂದ್ರೆ ಮೈಕು ಚಾಲೂ. ಟಿ ಟೆಲಿಫೋನಿಗೆ, ಟಿ ಮೇಲಿದ್ದರೆ ಹೊರಗಿನ ಮಾತು ಕೇಳಿಸದೆ ಮಷಿನ್ ಕೆಟ್ಟಿದೆ ಅನಿಸುತ್ತೆ. ನಮ್ಮದು ಎಂ ಮೇಲೇ ಇತ್ತು. ಅಂದ್ರೆ ಎರಡು ರಾತ್ರಿಯೂ ಚಾಲೂ ಇದ್ದು ಸೆಲ್ ಖಾಲಿ.

ಬಸ್ ಸ್ಟ್ಯಾಂಡ್ ಹತ್ತಿರ ವಾಚ್ ಅಂಗಡಿಯವನು ಒಂದು ಬಟನ್ ಸೆಲ್ ಕೊಟ್ಟ. ಸರಿಯಾಗಿ ಕೂತಿತು! ಮಷಿನ್ ಕುಂಯ್ ಅಂತ ಒಂದು ಸಲ ಕೂಗಿತು, ಗೆದ್ದೆ ಅಂದ್ಕೊಂಡೆ. ಭಾಲ್ಕಿ ಮುಟ್ಟೋದರೊಳಗೆ ಮತ್ತೆ ಸತ್ತಿತ್ತು.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇಲ್ಲೇ ಬಹಳ ಜನ ಮೋಸ ಹೋಗ್ತಾರೆ. ಕಿವಿ ಮಷಿನ್ನಿನ ಸೆಲ್ ಬೇರೆ ಜಾತಿಯದು, ಜಿಂಕ್-ಏರ್ ಅಂತಾರೆ. ಅದರ ಬೆನ್ನಿಗೆ ಬಣ್ಣದ ಸ್ಟಿಕ್ಕರ್ ಇರುತ್ತೆ. ಸ್ಟಿಕ್ಕರ್ ಕಿತ್ತರೆ ಸಣ್ಣ ತೂತಿನಿಂದ ಗಾಳಿ ಒಳಗೆ ಹೋಗಿ ಸೆಲ್ ಎಚ್ಚರ ಆಗುತ್ತೆ. ಅದಕ್ಕೇ ಕಿತ್ತ ಕೂಡಲೇ ಹಾಕಬಾರದು, ಒಂದೆರಡು ನಿಮಿಷ ಹಾಗೇ ಬಿಡಬೇಕು. ನಂಬರ್ 10ಕ್ಕೆ ಹಳದಿ, 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ. ಮುತ್ಯಾನದು 675. ಅದರ ಅಳತೆಯೂ ವಾಚ್ ಅಂಗಡಿಯ ಎಲ್‌ಆರ್44 ಸೆಲ್ಲಿನ ಅಳತೆಯೂ ಒಂದೇ, ಅದಕ್ಕೇ ಸರಿಯಾಗಿ ಕೂರುತ್ತೆ. ಆದರೆ ಅದರ ತಾಕತ್ತು ಬಹಳ ಕಡಿಮೆ, ಜೋರು ಮಷಿನ್‌ಗೆ ಸಾಲೋದಿಲ್ಲ.

ಭಾಲ್ಕಿಗೆ ಹೋಗಿದ್ದು ಕಾಕಾನ ಮನೆಗೆ. ಮಷಿನ್ ಕೊಡಿಸಿದ್ದು ಅವರು. ಮಾರಿದವನು ಮಂಗಳವಾರ ಮಾತ್ರ ಬರೋದು, ಫೋನ್ ಎತ್ತಲಿಲ್ಲ. ಕಾಕಾ ಕಪಾಟಿನ ಮೇಲಿಂದ ಡಬ್ಬಿ ಇಳಿಸಿದರು. ಒಳಗೆ ನೀಲಿ ಸ್ಟಿಕ್ಕರಿನ ನಾಲ್ಕು ಸೆಲ್, ಗುಗ್ಗೆ ತೆಗೆಯೋ ಸಣ್ಣ ತಂತಿ, ಒಂದು ತುಂಡು ಪ್ಲಾಸ್ಟಿಕ್ ನಳಿಕೆ, ವಾರಂಟಿ ಕಾರ್ಡು. ಮೂರು ವರ್ಷದಿಂದ ಯಾರೂ ಡಬ್ಬಿ ತೆಗೆದಿರಲಿಲ್ಲ.

“ಇದು ಹಳ್ಳ್ಯಾಗ ಇದ್ರ ಕಳೀತಾರ ಅಂತ ನಾನೇ ಇಟ್ಕೊಂಡಿದ್ದೆ,” ಅಂದರು ಕಾಕಾ. ಮಷಿನ್ ಔರಾದ್, ಡಬ್ಬಿ ಭಾಲ್ಕಿ, ಕಿವಿ ಬೀದರ್. ನಮ್ಮ ಖಾಂದಾನಿನ ಮ್ಯಾನೇಜ್‌ಮೆಂಟು!

ಹೊಸ ಸೆಲ್ ಹಾಕಿದರೂ ದನಿ ಬರಲಿಲ್ಲ.

ಸಂಜೆ ಬೀದರ್‌ಗೆ ಬಂದೆ. ಅಷ್ಟರಲ್ಲಿ ವಾರ್ಡಿನಲ್ಲಿ ಎರಡು ಒಳ್ಳೆ ಕೆಲಸ ಆಗಿದ್ದವು. ಒಬ್ಬ ಸಿಸ್ಟರ್ ಸ್ಟೆತಸ್ಕೋಪನ್ನ ಮುತ್ಯಾನ ಕಿವಿಗೆ ಹಾಕಿ, ಎದೆಗೆ ಇಡೋ ತುದಿಯಲ್ಲಿ ಮೆಲ್ಲಗೆ ಮಾತಾಡಿ ಊಟ ಮಾಡಿಸಿದ್ದರು. ಇದು ಎಲ್ಲರಿಗೂ ಗೊತ್ತಿರಬೇಕಾದ ಉಪಾಯ. ಇನ್ನೊಂದು ನಮ್ಮ ಭಾಗದಲ್ಲಷ್ಟೇ ಆಗೋದು. ನಾನು ಹಿಂದಿನ ದಿನ ಫೋನಿನಲ್ಲಿ ಮಾತನ್ನ ಕನ್ನಡ ಅಕ್ಷರಕ್ಕೆ ಇಳಿಸೋ ಆ್ಯಪ್ ತೋರಿಸಿ ಸೋತಿದ್ದೆ. ಮುತ್ಯಾ ಶಾಲೆ ಸೇರಿದ್ದು ನಿಜಾಮರ ಕಾಲದಲ್ಲಿ, 1948ಕ್ಕೆ ಮುಂಚೆ. ಮಾತು ಕನ್ನಡ, ಸಂತೆಯಲ್ಲಿ ಮರಾಠಿ, ಓದು ಮಾತ್ರ ಉರ್ದು. ಪಕ್ಕದ ಹಾಸಿಗೆಯವರ ಮಗ ದೊಡ್ಡ ಉರ್ದು ಅಕ್ಷರದಲ್ಲಿ ‘ನಾಳೆ ಬೆಳಗ್ಗೆ ಆಪರೇಷನ್, ಹೆದರಬೇಡಿ’ ಅಂತ ಬರೆದು ತೋರಿಸಿದ್ದ. ಮುತ್ಯಾ ಆ ಕಾಗದವನ್ನ ಮಡಚಿ ದಿಂಬಿನ ಕೆಳಗೆ ಇಟ್ಕೊಂಡಿದ್ದ.

ಅದೇ ಹುಡುಗ ಹೇಳಿದ, “ಭೈಯ್ಯಾ, ಇಎನ್‌ಟಿಯವರ ಹತ್ರ ಆಡಿಯಾಲಜಿಸ್ಟ್ ಇರ್ತಾರೆ, ಕೇಳಿ ನೋಡಿ.” ಎರಡು ದಿನದಲ್ಲಿ ನನ್ನ ತಲೆಗೆ ಇದು ಬಂದಿರಲಿಲ್ಲ. ಕಿವಿ ಮಷಿನ್ ಅಂದ್ರೆ ಅಂಗಡಿ ಅಂದ್ಕೊಂಡಿದ್ದೆ. ನಂಬರ್ ಸಿಕ್ಕಿತು. ಮೇಡಂ ಸೋಮವಾರ ಏಳೂವರೆಗೇ ಬಂದರು.

ಹತ್ತು ನಿಮಿಷದ ಕೆಲಸ. ಮೊದಲು ಮುತ್ಯಾನ ಕಿವಿಗೆ ಬ್ಯಾಟರಿ ಬಿಟ್ಟು ನೋಡಿದರು: ಗುಗ್ಗೆ ಗಟ್ಟಿಯಾಗಿ ಕೂತಿತ್ತು. ಇಎನ್‌ಟಿ ಡಾಕ್ಟರ್ ತೆಗೆದರು. ಕಿವಿಯೊಳಗೆ ಕೂರುವ ಅಚ್ಚಿನ ತೂತೂ ಮುಚ್ಚಿತ್ತು. ಅಚ್ಚನ್ನ ಮಷಿನ್‌ನಿಂದ ಬಿಡಿಸಿ ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆದು ಒಣಗಿಸಿದರು. ಮಷಿನ್‌ಗೆ ಮಾತ್ರ ಹನಿ ನೀರೂ ತಾಗಬಾರದು. ಎರಡನ್ನೂ ಜೋಡಿಸೋ ನಳಿಕೆ ಹಳದಿಯಾಗಿ, ಗಟ್ಟಿಯಾಗಿ ಸೀಳಿತ್ತು. ಕಾಕಾನ ಡಬ್ಬಿಯ ನಳಿಕೆ ಕತ್ತರಿಸಿ ಹಾಕಿದರು. ನಾನು ಬಾಯಿಂದ ಊದಿ ಧೂಳು ತೆಗೆಯಕ್ಕೆ ಹೋದೆ, ಕೈಗೆ ಹೊಡೆದರು. ಉಸಿರಿನ ತೇವವೇ ಶತ್ರು. ರಾತ್ರಿ ಸೆಲ್ ಬಾಗಿಲು ತೆಗೆದು, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಡಬೇಕಂತೆ.

ಬಿಕಾಂ ಓದಿದ ಬುದ್ಧಿ, ಲೆಕ್ಕ ಹಾಕದೆ ಇರಲ್ಲ. ಸುತ್ತಿದ್ದು ನೂರು ಕಿಲೋಮೀಟರಿಗೂ ಹೆಚ್ಚು, ಬೇಕಿದ್ದದ್ದು ಬೆರಳುದ್ದದ ನಳಿಕೆ. ಕಿವಿ ಮಷಿನ್ ಮೇಲೆ ಜಿಎಸ್‌ಟಿ ಸೊನ್ನೆ. 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಬಡ ಹಿರಿಯರಿಗೆ ಪುಕ್ಕಟೆ ಮಷಿನ್ ಇದೆ, ಒಂದು ವರ್ಷದ ಉಚಿತ ದುರಸ್ತಿಯೂ ಇದೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ಆದರೆ ಭಾನುವಾರ ಭಾಲ್ಕಿಯಲ್ಲಿ ನಿಂತವನಿಗೆ ಮೈಸೂರು ರಾಜ್ಯದ ಇನ್ನೊಂದು ತುದಿ. ಮಷಿನ್ ಕೊಂಡ ದಿನವೇ ನಳಿಕೆ ಬದಲಿಸೋರು ಯಾರು, ಎಲ್ಲಿ ಅಂತ ನಾವು ಕೇಳಿ ಬರ್ಕೊಂಡಿರಬೇಕಿತ್ತು.

ಮಷಿನ್ ಕಿವಿಗೇರಿತು. ಮುತ್ಯಾ ಕಣ್ಣು ಮೇಲೆತ್ತಿ ಅಂದ ಮೊದಲ ಮಾತು, “ಈ ಫ್ಯಾನ್ ಎಷ್ಟ್ ಗದ್ಲ ಮಾಡ್ಲತ್ತದ!”

ಅರಿವಳಿಕೆ ಡಾಕ್ಟರ್ ಅಲ್ಲೇ ಇದ್ದರು. ಮಾಸ್ಕ್ ಇಳಿಸಿ, ಎದುರಿಗೆ ಕೂತು ಮತ್ತೆ ಕೇಳಿದರು. ದಿನಾ ಗುಳಿಗಿ ತಗೋತೀರಾ?

“ತಗೋತೀನ್ರಿ. ಉದ್ಗೀರದಾಗ ಎದಿ ಡಾಕ್ಟರ್ ಕೊಟ್ಟಾರ. ರಕ್ತ ಗಟ್ಟಿ ಆಗಬಾರ್ದಂತ. ಜ್ವಾಳದ ಡಬ್ಬಿ ಹಿಂದ ಇಟ್ಟೀನಿ.”

ಅಪ್ಪ ನನ್ನ ಮುಖ ನೋಡಿದರು, ನಾನು ಅಪ್ಪನ ಮುಖ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಂತೆಗೆ ಅಂತ ಉದ್ಗೀರಕ್ಕೆ ಹೋಗ್ತಿದ್ದ ಮುತ್ಯಾ ಹಾಗೇ ದವಾಖಾನಿಗೂ ಹೋಗಿ ಬರ್ತಿದ್ದ. ಅತ್ತಿಗೆ ಫೋನ್ ಮಾಡಿ ಡಬ್ಬಿಯ ಹಿಂದಿನ ಚೀಟಿಯ ಫೋಟೋ ತರಿಸಿದೆವು. ಡಾಕ್ಟರ್ ಓದಿ ಪೆನ್ ಕೆಳಗಿಟ್ಟರು. ಆ ಗುಳಿಗೆ ಮೈಯಲ್ಲಿರುವಾಗ ಬೆನ್ನಿಗೆ ಸೂಜಿ ಹಾಕಿದರೆ ಬೆನ್ನುಹುರಿಯ ಸುತ್ತ ರಕ್ತ ಸೋರಿ, ಕಾಲಿನ ಶಕ್ತಿಯೇ ಹೋಗುವ ಅಪಾಯ ಇರುತ್ತೆ ಅಂತ ವಿವರಿಸಿದರು. ಅವತ್ತಿನ ಪ್ಲಾನ್ ರದ್ದಾಯಿತು. ಎರಡು ದಿನದ ನಂತರ, ಬೆನ್ನಿನ ಸೂಜಿ ಇಲ್ಲದೆ, ಪೂರ್ತಿ ಮಂಪರು ಕೊಟ್ಟು ಆಪರೇಷನ್ ಮಾಡಿದರು. ಅವತ್ತು ಒಳಗೆ ಕರೆದೊಯ್ಯುವಾಗ ಮುತ್ಯಾ ಮಷಿನ್ ತೆಗೆಯಕ್ಕೆ ಒಪ್ಪಲಿಲ್ಲ. ಕೊನೆಗೆ ಸಿಸ್ಟರ್ ಹೆಸರು ಬರೆದ ಡಬ್ಬಿಯಲ್ಲಿ ಹಾಕಿ, ಎಚ್ಚರವಾದ ಕೂಡಲೇ ನಾನೇ ಹಾಕ್ತೀನಿ ಅಂತ ಮಾತು ಕೊಟ್ಟರು. ಹಾಕಿದರು ಕೂಡ.

ಈಗ ಮುತ್ಯಾ ವಾಕರ್ ಹಿಡಿದು ಅಂಗಳದವರೆಗೆ ಬರ್ತಾನೆ. ಡಬ್ಬಿ ಅವನ ದಿಂಬಿನ ಪಕ್ಕದಲ್ಲೇ ಇರುತ್ತೆ, ಗುಳಿಗೆ ಚೀಟಿಯೂ ಅದರೊಳಗೆ. ಈ ಎಪಿಸೋಡನ್ನ ಅಪ್‌ಲೋಡ್ ಮಾಡೋ ಮುಂಚೆ ಅವನಿಗೆ ಕೇಳಿಸಿದೆ. ಪೂರ್ತಿ ಕೇಳಿ ಅಂದ:

“ಎಲ್ಲಾ ಖರೇ ಹೇಳೀದಿ. ಆದ್ರ ಇಷ್ಟ್ ಜಲ್ದಿ ಯಾಕ ಮಾತಾಡ್ತೀ?”