ನಗಾರಿಯ ಸ್ವಿಚ್ಚು ಯಾರ ಕೈಯಲ್ಲಿ?

(ಬೆಂಗಳೂರಿನ ಬನಶಂಕರಿಯಲ್ಲಿ ಸೇರಿದ್ದ ತರುಣರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಗುಜರಿ ಸಾಮಾನಿನಿಂದ ವಿದ್ಯುತ್ ವಾದ್ಯಗಳನ್ನು ಮಾಡುವ ವಿಚಾರವಾಗಿ ಮಾತನಾಡಬೇಕೆಂದು ನೀವು ಕರೆದಾಗ ನನಗೆ ಸಂಕೋಚವಾಯಿತು. ನಾನು ರಾಗ ತಾಳ ಬಲ್ಲವನಲ್ಲ. ಸುಟ್ಟ ಮೋಟಾರಿಗೆ ತಂತಿ ಸುತ್ತುವುದನ್ನು ಬಲ್ಲವನು. ಆದರೆ ಯೋಚಿಸಿದಾಗ, ಇಂಥ ವಾದ್ಯವೊಂದು ನಮ್ಮೆಲ್ಲರ ಕಣ್ಣೆದುರಿಗೇ ಇದೆಯೆಂಬುದು ಹೊಳೆಯಿತು. ಗುಡಿಗಳಲ್ಲಿ ಮಂಗಳಾರತಿಯ ಹೊತ್ತಿಗೆ ನಗಾರಿ, ಜಾಗಟೆ, ಗಂಟೆಗಳನ್ನು ಒಟ್ಟಿಗೇ ಬಾರಿಸುವ ಯಂತ್ರವನ್ನು ನೀವೆಲ್ಲ ಕಂಡಿದ್ದೀರಿ.

ಅದರಲ್ಲಿ ಮಾಯೆಯೇನೂ ಇಲ್ಲ. ನಿಮಿಷಕ್ಕೆ ಸುಮಾರು 1440 ಸುತ್ತು ತಿರುಗುವ ಒಂದು ಮೋಟಾರು. ಬೆಲ್ಟು ಗಾಲಿಗಳಿಂದ ಆ ವೇಗವನ್ನು ಇಪ್ಪತ್ತರಲ್ಲೊಂದು ಪಾಲಿಗೆ ಇಳಿಸಿದರೆ 72 ಸುತ್ತು. ಆ ದಂಡದ ಮೇಲೆ ಎರಡು ಉಬ್ಬುಗಳಿರುವ ಬಿಲ್ಲೆಯನ್ನು ಕೂರಿಸಿರಿ. ಉಬ್ಬು ಕೋಲನ್ನು ಎತ್ತುತ್ತದೆ. ಉಬ್ಬು ದಾಟಿದೊಡನೆ ಸ್ಪ್ರಿಂಗು ಅದನ್ನು ಎಳೆದು ಬಡಿಸುತ್ತದೆ. ನಿಮಿಷಕ್ಕೆ 144 ಪೆಟ್ಟು. ಬಿಲ್ಲೆಯನ್ನು ಅರದಿಂದ ಬೇರೆ ರೀತಿ ಉಜ್ಜಿದರೆ ತಾಳವೂ ಬೇರೆಯಾಗುತ್ತದೆ. ಆದರೆ ಯಾರೂ ಉಜ್ಜುವುದಿಲ್ಲ. ಕೊಂಡು ತಂದ ದಿನದ ತಾಳವೇ ಕೊನೆಯತನಕ.

ನಮ್ಮೂರಿನ ಗುಡಿಗೂ ಇಂಥ ಯಂತ್ರ ಬಂತು. ಅದುವರೆಗೆ ಅಂಗಳದ ಹೊರಗೆ ನಿಂತು ನಗಾರಿ ಬಾರಿಸುತ್ತಿದ್ದ ಮುದುಕನೊಬ್ಬನಿದ್ದ. ಅವನಪ್ಪನೂ, ಅಜ್ಜನೂ ಅಲ್ಲಿಯೇ ನಿಂತು ಬಾರಿಸಿದವರು. ಅವನಿಗೆ ಸಿಗುತ್ತಿದ್ದುದು ಸುಗ್ಗಿಯಲ್ಲಿ ಒಂದಿಷ್ಟು ಭತ್ತ, ಹಬ್ಬಕ್ಕೊಂದು ಪಂಚೆ. ಯಂತ್ರ ಬಂದ ಮೇಲೆ ಅದೂ ನಿಂತಿತು. ನಾನು ಆಗ ಹುಡುಗ. ಹೋಗಲಿ, ಸ್ವಿಚ್ಚು ಒತ್ತುವ ಕೆಲಸವನ್ನಾದರೂ ಅವನಿಗೆ ಕೊಡಬಾರದೇ ಎಂದು ಹಿರಿಯರನ್ನು ಕೇಳಿದೆ. ಅವರು ನಕ್ಕರು. ಸ್ವಿಚ್ಚನ್ನು ಒಳಗಿನ ಗೋಡೆಗೆ ಬಿಗಿದಿದ್ದರು. ಆತ ಅಲ್ಲಿಗೆ ಹೋಗುವಂತಿರಲಿಲ್ಲ.

ಇದನ್ನು ಕೇಳಿ ಯಂತ್ರವೇ ಪಾಪಿಯೆಂದು ತೀರ್ಮಾನಿಸಬೇಡಿ. ಹುಟ್ಟಿದ ಜಾತಿಯ ಕಾರಣಕ್ಕೆ ಒಬ್ಬನ ಹೆಗಲಿಗೆ ನಗಾರಿ ಕಟ್ಟುವ ಪದ್ಧತಿ ಉಳಿಯಬೇಕೆಂದು ನಾನು ಹೇಳಲಾರೆ. ಬಿಟ್ಟಿಚಾಕರಿ ಅಳಿಯಲೇಬೇಕು. ಆದರೆ ಚಾಕರಿ ಹೋಗುವಾಗ ಅದರೊಂದಿಗೆ ಅವನ ಕೈಯ ವಿದ್ಯೆಯೂ, ಅನ್ನವೂ ಹೋದವು. ಯಂತ್ರ ಮಾತ್ರ ಬೇರೆಯವರ ಪಾಲಾಯಿತು. ಪ್ರಶ್ನೆ ಇರುವುದು ಅಲ್ಲಿ. ಮೋಟಾರಿಗೆ ಜಾತಿಯಿಲ್ಲ, ಸ್ವಿಚ್ಚನ್ನು ಎಲ್ಲಿ ಬಿಗಿಯಬೇಕೆಂದು ನಿರ್ಧರಿಸುವವರಿಗೆ ಇದೆ.

ಇದಕ್ಕೆ ವಿರುದ್ಧವಾದ ಕಥೆಯೂ ಲೋಕದಲ್ಲುಂಟು. ಟ್ರಿನಿಡಾಡ್ ದ್ವೀಪದಲ್ಲಿ 1880ರ ದಶಕದಲ್ಲಿ ಬ್ರಿಟಿಷ್ ಸರ್ಕಾರ ಆಫ್ರಿಕನ್ ಮೂಲದ ಬಡಜನರ ಡೋಲುಗಳಿಗೆ ನಿರ್ಬಂಧ ಹಾಕಿತು. ಅವರು ಬಿದಿರನ್ನು ನೆಲಕ್ಕೆ ಕುಟ್ಟಿ ತಾಳ ಹಿಡಿದರು. 1930ರ ದಶಕದಲ್ಲಿ ಬಿಸ್ಕತ್ತಿನ ಡಬ್ಬ ಬಡಿದರು. ಮುಂದೆ ಬಿಸಾಡಿದ ಎಣ್ಣೆ ಪೀಪಾಯಿಗಳ ತಳವನ್ನು ಸುತ್ತಿಗೆಯಿಂದ ತಟ್ಟಿ ತಟ್ಟಿ ಸ್ವರ ಬರಿಸಿದರು. 1951ರಲ್ಲಿ ಆ ಪೀಪಾಯಿಗಳು ಲಂಡನ್ನಿನ ಉತ್ಸವದಲ್ಲಿ ಮೊಳಗಿದವು. ಜಪಾನಿನ ನಾಗೋಯಾದಲ್ಲಿ 1912ರಲ್ಲಿ ಮೊರಿತಾ ಗೊರೋ ಎಂಬುವರು ಟೈಪ್‌ರೈಟರಿನ ಗುಂಡಿಗಳನ್ನು ಕಂಡು, ಅವುಗಳಿಂದ ತಂತಿಯನ್ನು ಒತ್ತುವ ಅಗ್ಗದ ವಾದ್ಯ ಮಾಡಿದರು. ನಮ್ಮ ದೇಶಕ್ಕೆ ಬಂದು ಅದೇ ಬುಲ್‌ಬುಲ್ ತರಂಗ್ ಎನಿಸಿತು.

ನಮ್ಮ ಬೆಂಗಳೂರೂ ಬರಿಗೈಯಲ್ಲಿ ಕುಳಿತಿಲ್ಲ. ಇಂಜಿನಿಯರೂ ಕೊಳಲು ವಾದಕರೂ ಆದ ಜಿ. ರಾಜ್ ನಾರಾಯಣ್ ಅವರು ರಾಡೆಲ್ ಸಂಸ್ಥೆಯನ್ನು ಕಟ್ಟಿ ವಿದ್ಯುನ್ಮಾನ ಶ್ರುತಿಪೆಟ್ಟಿಗೆ, ತಂಬೂರಿಗಳನ್ನು ಕಚೇರಿಯ ವೇದಿಕೆಗೆ ತಂದರು. ಜೆ.ಪಿ. ನಗರದ ಏಳನೆಯ ಹಂತದಲ್ಲಿ 2019ರಲ್ಲಿ ತೆರೆದ ಸಂಗೀತ ವಸ್ತುಸಂಗ್ರಹಾಲಯದ ಹೊರಗೆ ನಾದದ ತೋಟವೊಂದಿದೆ. ಅಲ್ಲಿನ ವಾದ್ಯಗಳನ್ನು ಯಾರು ಬೇಕಾದರೂ ಮುಟ್ಟಿ ಬಾರಿಸಬಹುದು. ಮುಟ್ಟಬಹುದು ಎಂಬ ಈ ಮಾತು ನಮ್ಮ ದೇಶದಲ್ಲಿ ಸಣ್ಣದಲ್ಲ.

ಇನ್ನು ಕೆಲಸದ ಮಾತು. ಗುಜರಿಯಲ್ಲಿ ಹಳೆಯ ಕಾರಿನ ವೈಪರ್ ಮೋಟಾರು ಸಿಗುತ್ತದೆ. 12 ವೋಲ್ಟಿನ ಬ್ಯಾಟರಿಗೆ ನಡೆಯುವುದರಿಂದ ಮಕ್ಕಳಿಗೂ ಅಪಾಯ ಕಡಿಮೆ. ವೇಗವಿಳಿಸುವ ಹಲ್ಲುಗಾಲಿ ಅದರೊಳಗೇ ಇದೆ. ಮರದ ಬಿಲ್ಲೆಗೆ ಮೊಳೆ ಹೊಡೆದು ಅದರ ದಂಡಕ್ಕೆ ಸಿಕ್ಕಿಸಿ; ಮೊಳೆ ತಾಗುವಲ್ಲಿ ಎಣ್ಣೆ ಡಬ್ಬ, ಸೈಕಲ್ ಗಂಟೆ, ಒಡೆದ ಮಡಕೆ ಇಡಿ. ಮೊಳೆಯ ಜಾಗ ಬದಲಿಸಿದರೆ ತಾಳ ಬದಲು.

ಸ್ವರ ಬೇಕೆ? ಸೈಕಲ್ಲಿನ 18 ಹಲ್ಲಿನ ಉಕ್ಕಿನ ಫ್ರೀವೀಲನ್ನು ಅಲುಗದಂತೆ ಬಿಗಿದು, ಸೆಕೆಂಡಿಗೆ 24 ಸುತ್ತು ತಿರುಗಿಸಿ. ಹಲ್ಲುಗಳ ಹತ್ತಿರ, ತಾಮ್ರದ ತಂತಿ ಸುತ್ತಿದ ಅಯಸ್ಕಾಂತ ಹಿಡಿಯಿರಿ. ಪ್ರತಿ ಹಲ್ಲು ಹಾಯುವಾಗಲೂ ತಂತಿಯಲ್ಲಿ ಒಂದು ಮಿಡಿತ ಹುಟ್ಟುತ್ತದೆ; ಸೆಕೆಂಡಿಗೆ 432 ಮಿಡಿತ. ಹಳೆಯ ಆಂಪ್ಲಿಫೈಯರಿಗೆ ಕೊಟ್ಟರೆ ಅದೇ ಸ್ವರವಾಗಿ ಕೇಳುತ್ತದೆ. 1935ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಹ್ಯಾಮಂಡ್ ಆರ್ಗನ್ನಿನ ಗುಟ್ಟೂ ಇಂಥದೇ.

ಮೊದಲ ದಿನ ಕರ್ಕಶವಾಗಿಯೇ ಇರುತ್ತದೆ. ನಗುವವರು ನಗಲಿ. ಸಣ್ಣ ಯಂತ್ರ ಜನರ ಕೈಗೆ ಬರಬೇಕೆಂದು ಡಾಕ್ಟರ್ ಲೋಹಿಯಾ ಹೇಳುತ್ತಿದ್ದರು. ಅದು ಚರಕ, ಗಿರಣಿಗಳಿಗಷ್ಟೇ ಸಲ್ಲುವ ಮಾತಲ್ಲ. ತಾನು ಬಿಚ್ಚಿ ಜೋಡಿಸಬಲ್ಲ ಯಂತ್ರಕ್ಕೆ ಮನುಷ್ಯ ಆಳಾಗುವುದಿಲ್ಲ.

ಜಯಪ್ರಕಾಶರ ಹೆಸರು ಹೊತ್ತ ಬಡಾವಣೆ ಇಲ್ಲಿಗೆ ದೂರವಿಲ್ಲ. ಅಲ್ಲಿನ ಮಹಡಿ ಮನೆಯ ಹುಡುಗಿಯೂ, ಆ ಮನೆಯ ಕಸ ಒಯ್ಯುವವರ ಹುಡುಗನೂ ಒಂದೇ ಬೆಂಚಿನ ಮೇಲೆ ಕುಳಿತು ಒಂದೇ ಮೋಟಾರು ಬಿಚ್ಚಲಿ. ಯಾವ ಡಬ್ಬ ಯಾವ ದನಿ ಕೊಡುತ್ತದೆಂಬುದು ಆ ಹುಡುಗನಿಗೇ ಹೆಚ್ಚು ಗೊತ್ತಿರುತ್ತದೆ, ಅವನೇ ಮೇಷ್ಟ್ರಾಗಲಿ.

ನಮ್ಮೂರ ಮುದುಕ ಈಗಿಲ್ಲ. ಅವನ ತಾಳವನ್ನು ನಾನು ಬರೆದಿಟ್ಟುಕೊಳ್ಳಲಿಲ್ಲ. ಕಿವಿಯಲ್ಲಿ ಉಳಿದಷ್ಟನ್ನು ಒಂದು ಮರದ ಬಿಲ್ಲೆಯ ಮೇಲೆ ಮೊಳೆ ಹೊಡೆದು ತಂದಿದ್ದೇನೆ. ಯಂತ್ರ ಮೇಜಿನ ಮೇಲಿದೆ. ಸ್ವಿಚ್ಚು ನಿಮ್ಮ ಕಡೆಗಿದೆ. ಯಾರಾದರೂ ಬಂದು ಒತ್ತಿರಿ.