ಅಡಿಕೆ ಮರದ ಮನೆವಾರ್ತೆ

ಮದುವೆಯಿರಲಿ, ಮುಂಜಿಯಿರಲಿ, ಎಲೆಯಡಿಕೆಯಿಲ್ಲದೆ ನಮ್ಮಲ್ಲಿ ಯಾವ ಶುಭಕಾರ್ಯವೂ ನಡೆಯುವುದಿಲ್ಲ. ತಟ್ಟೆಯಲ್ಲಿಟ್ಟ ಆ ಒಣ ಅಡಿಕೆಯನ್ನು ಕೈಗೆತ್ತಿಕೊಂಡು, ಇದು ಯಾವುದರಿಂದ ಆಯಿತು ಎಂದು ಕೇಳಿದರೆ, 'ಮಣ್ಣಿನಿಂದ, ಗೊಬ್ಬರದಿಂದ' ಎಂಬ ಉತ್ತರ ಥಟ್ಟನೆ ಬರುತ್ತದೆ. ವಾಸ್ತವವಾಗಿ ಅದರ ತೂಕದ ಬಹುಪಾಲು ಬಂದದ್ದು ಗಾಳಿಯಿಂದ ಮತ್ತು ನೀರಿನಿಂದ. ಮಣ್ಣಿನ ಪಾಲು ತೀರ ಕಡಮೆ. ಆದರೆ ಆ ಕಡಮೆ ಇಲ್ಲದೆ ಏನೂ ನಡೆಯದು. ಇದು ಬರಿಯ ಪುಸ್ತಕದ ಲೆಕ್ಕವಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಎಷ್ಟೋ ತೋಟಗಳ ಅಳಿವು ಉಳಿವು ಈ ಲೆಕ್ಕದ ಮೇಲೆಯೇ ನಿಂತಿದೆ.

ನಮ್ಮ ಹಾಗೆಯೇ ಅಡಿಕೆ ಮರವೂ ಜೀವಕೋಶಗಳಿಂದ ಕಟ್ಟಿದ ಮನೆ. ಪ್ರತಿಯೊಂದು ಕೋಶಕ್ಕೂ ಎರಡು ವಸ್ತು ಬೇಕು: ಮೈ ಕಟ್ಟಲು ದ್ರವ್ಯ, ಕೆಲಸ ನಡೆಸಲು ಶಕ್ತಿ. ಈ ಮನೆಯಲ್ಲಿ ಸಂಪಾದಿಸುವವು ಸೋಗೆಗಳು. ಅವುಗಳ ಸೂಕ್ಷ್ಮ ರಂಧ್ರಗಳಿಂದ ಗಾಳಿಯ ಇಂಗಾಲಾಮ್ಲ ಒಳಕ್ಕೆ ಬರುತ್ತದೆ. ಬೇರು ನೀರು ಕಳಿಸುತ್ತದೆ. ಎಲೆಯ ಹಸುರು ಬಿಸಿಲನ್ನು ಹಿಡಿದು, ಇವೆರಡನ್ನೂ ಕೂಡಿಸಿ ಸಕ್ಕರೆ ಮಾಡುತ್ತದೆ. ಮಿಕ್ಕ ಆಮ್ಲಜನಕ ಗಾಳಿಗೆ ಸೇರುತ್ತದೆ. ಈ ಸಕ್ಕರೆ ಕಾಡಿನ ಮರದಂತೆ; ತೊಲೆಗೂ ಆಗುತ್ತದೆ, ಒಲೆಗೂ ಆಗುತ್ತದೆ. ಅದರಲ್ಲೊಂದು ಭಾಗ ನಾರಾಗಿ, ಕಾಯಾಗಿ ಬೆಳೆಯುತ್ತದೆ. ಇನ್ನೊಂದು ಭಾಗ ಉರಿದು ಶಕ್ತಿ ಕೊಡುತ್ತದೆ.

ಉರಿಯುವುದೆಂದರೆ ಹೊಗೆ, ಬೆಂಕಿ ಇಲ್ಲದ ಉರಿ. ಕೋಶ ಸಕ್ಕರೆಯನ್ನು ಹಂತಹಂತವಾಗಿ ಬಿಡಿಸಿ, ಹೊರಟ ಶಕ್ತಿಯನ್ನು ಎ.ಟಿ.ಪಿ. ಎಂಬ ಅಣುಗಳಲ್ಲಿ ತುಂಬಿಡುತ್ತದೆ. ಸಕ್ಕರೆ ದೊಡ್ಡ ನೋಟಾದರೆ ಎ.ಟಿ.ಪಿ. ಚಿಲ್ಲರೆ ಹಣ, ಕೋಶದ ದಿನನಿತ್ಯದ ವ್ಯವಹಾರವೆಲ್ಲ ಈ ಚಿಲ್ಲರೆಯಲ್ಲಿ. ಆಮ್ಲಜನಕ ಇದ್ದರೆ ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30 ಎ.ಟಿ.ಪಿ. ಸಿಗುತ್ತದೆ. ಇಲ್ಲದಿದ್ದರೆ ಸಿಗುವುದು ಕೇವಲ 2.

ಈ 30 ಮತ್ತು 2ರ ಅಂತರ ತೋಟದವರಿಗೆ ಬಹಳ ಮುಖ್ಯ. ಬೇರು ಕತ್ತಲಲ್ಲಿರುತ್ತದೆ, ತಾನೇ ಸಂಪಾದಿಸಲಾರದು. ಸಕ್ಕರೆ ಮೇಲಿನಿಂದ ಬರಬೇಕು, ಆಮ್ಲಜನಕ ಮಣ್ಣಿನ ಸಂದುಗಳಿಂದ ಬರಬೇಕು. ಮಲೆನಾಡಿನ ಮಳೆಗೆ ತೋಟದಲ್ಲಿ ನೀರು ನಿಂತರೆ ಆ ಸಂದುಗಳೆಲ್ಲ ಮುಚ್ಚಿಹೋಗುತ್ತವೆ. ಸಕ್ಕರೆ ಇದ್ದೂ ಬೇರು ಬಡವಾಗುತ್ತದೆ. ಗೊಬ್ಬರ ಹಾಕಿದರೂ ಎತ್ತಿಕೊಳ್ಳಲು ಅದಕ್ಕೆ ತ್ರಾಣವಿರುವುದಿಲ್ಲ. ಸಾಲುಗಳ ನಡುವೆ ಬಸಿಗಾಲುವೆ ತೆಗೆಯುತ್ತಿದ್ದ ಹಿರಿಯರು ಬೇರಿಗೆ ಉಸಿರಿನ ದಾರಿ ಮಾಡಿಕೊಡುತ್ತಿದ್ದರು.

ಸೋಗೆಯಿಂದ ಬೇರಿಗೂ ಗೊನೆಗೂ ಸಕ್ಕರೆ ಒಯ್ಯಲು ಕಾಂಡದೊಳಗೆ ಕೂದಲಿಗಿಂತ ಸಣ್ಣ ನಾಳಗಳಿವೆ. ಹಳದಿ ಎಲೆ ರೋಗ ಕಾಲಿಡುವುದು ಇಲ್ಲಿಯೇ. ಮಧ್ಯ ಕೇರಳದಲ್ಲಿ 1914ರ ಹೊತ್ತಿಗೇ ಕಾಣಿಸಿಕೊಂಡ ಈ ರೋಗ ನಮ್ಮ ಮೂರು ತಾಲ್ಲೂಕುಗಳ ತೋಟಗಳಿಗೂ ದೊಡ್ಡ ಪಿಡುಗಾಯಿತು. ಮೊದಲು ಹೊರಗಿನ ಎರಡು ಮೂರು ಸೋಗೆಗಳ ಗರಿಗಳು ತುದಿಯಿಂದ ಹಳದಿಯಾಗುತ್ತವೆ. ನಡುನರದ ಪಕ್ಕ ಹಸುರು ಉಳಿದಿರುತ್ತದೆ. ಬರಬರುತ್ತ ಕಾಯಿ ಉದುರುತ್ತದೆ, ಒಳಗಿನ ತಿರುಳು ಕಪ್ಪಾಗುತ್ತದೆ, ಬೇರಿನ ತುದಿ ಕೊಳೆಯುತ್ತದೆ, ಮರದ ಮಂಡೆ ಕುಗ್ಗುತ್ತದೆ.

ಇದಕ್ಕೆ ಕಾರಣ ಫೈಟೋಪ್ಲಾಸ್ಮ ಎಂಬ ಅತಿ ಸೂಕ್ಷ್ಮ ಜೀವಿ. ಈ ಬಗೆಯ ಜೀವಿಗಳನ್ನು ಮೊದಲು ಗುರುತಿಸಿದವರು ಜಪಾನಿನ ವಿಜ್ಞಾನಿಗಳು, 1967ರಲ್ಲಿ, ರೋಗ ಹತ್ತಿದ ಹಿಪ್ಪುನೇರಳೆ ಮೊದಲಾದ ಗಿಡಗಳ ನಾಳಗಳಲ್ಲಿ. 2004ರಲ್ಲಿ ಅಲ್ಲಿಯವರೇ ಈರುಳ್ಳಿಗೆ ಹತ್ತುವ ಇಂಥದೇ ಒಂದು ಜೀವಿಯ ವಂಶವಾಹಿಗಳನ್ನು ಪೂರ್ತಿ ಓದಿದಾಗ ಒಂದು ಸೋಜಿಗ ಕಂಡಿತು: ಎಲ್ಲ ಜೀವಿಗಳಲ್ಲೂ ಇರುತ್ತದೆಂದು ನಂಬಿದ್ದ, ಎ.ಟಿ.ಪಿ. ತಯಾರಿಸುವ ಮುಖ್ಯ ಯಂತ್ರದ ವಂಶವಾಹಿಗಳೇ ಅದರಲ್ಲಿರಲಿಲ್ಲ! ತಾನು ದುಡಿಯುವುದು ಕಡಮೆ. ಬಹಳಷ್ಟನ್ನು ಆತಿಥೇಯನ ಉಗ್ರಾಣದಿಂದಲೇ ಎತ್ತಿಕೊಳ್ಳುತ್ತದೆ. ಇಂಥ ರೋಗ ಬಂದ ಗಿಡಗಳಲ್ಲಿ ನಾಳದ ಸಾಗಾಣಿಕೆ ಕೆಡುತ್ತದೆ. ಎಲೆಯಲ್ಲಿ ಪಿಷ್ಟ ಕಟ್ಟಿಕೊಂಡು ಬಿದ್ದಿರುತ್ತದೆ, ಕೆಳಗೆ ಬೇರು ಹಸಿದಿರುತ್ತದೆ.

ಕೊಳೆರೋಗಕ್ಕೆ ಮೈಲುತುತ್ತ ಹೊಡೆಯುವಂತೆ ಇದಕ್ಕೂ ಹೊಡೆದರಾಗದೆ ಎಂದು ಕೇಳಬಹುದು. ಕೊಳೆರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿದವರು ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್. ಆ ರೋಗದ ಬೀಜಕಣ ಹೊರಗಿನಿಂದ ಕಾಯಿಯ ಮೇಲೆ ಬಿದ್ದು ಒಳಹೊಗುತ್ತದೆ. ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣ ಅದನ್ನು ಬಾಗಿಲಲ್ಲೇ ಕೊಲ್ಲುತ್ತದೆ. ಹಳದಿ ರೋಗದ ಜೀವಿಯಾದರೋ ರಸ ಹೀರುವ ಸಣ್ಣ ಜಿಗಿಹುಳುವಿನ ಬಾಯಿಂದ ನೇರವಾಗಿ ನಾಳದೊಳಕ್ಕೆ ಇಳಿಯುತ್ತದೆ. ಮೇಲಿನ ಸಿಂಪಡಣೆ ಅಲ್ಲಿಗೆ ಮುಟ್ಟುವುದಿಲ್ಲ.

ರೋಗ ಹತ್ತಿದ ಮರವನ್ನು ಗುಣಪಡಿಸುವ ಮದ್ದು ಇನ್ನೂ ಇಲ್ಲ. ಆದರೆ ಹಳದಿಯಾದ ಮರಕ್ಕೆಲ್ಲ ಈ ರೋಗವೇ ಬಂದಿದೆ ಎನ್ನುವಂತಿಲ್ಲ. ನೀರು ನಿಂತರೂ, ಬೇರುಹುಳು ಕಡಿದರೂ, ಪೋಷಕಾಂಶ ಸಾಲದಿದ್ದರೂ ಎಲೆ ಹಳದಿಯಾಗುತ್ತದೆ; ಇವುಗಳಿಗೆ ಪರಿಹಾರವುಂಟು. ಆದ್ದರಿಂದ ಕೊಡಲಿ ಎತ್ತುವ ಮುನ್ನ ಬೇರು ನೋಡಬೇಕು, ಮಣ್ಣು ನೋಡಬೇಕು, ಸಂದೇಹವಿದ್ದರೆ ಪ್ರಯೋಗಾಲಯದ ಪರೀಕ್ಷೆ ಮಾಡಿಸಬೇಕು. ರೋಗವೇ ಎಂದು ಖಚಿತವಾದರೆ, ಅದು ತೋಟದಲ್ಲಿ ಹೊಸದಾಗಿ, ಒಂದೆರಡು ಮರಗಳಲ್ಲಿ ಮಾತ್ರ ಇದ್ದಾಗ ಅವನ್ನು ತೆಗೆಯುವುದು ಮಿಕ್ಕವಕ್ಕೆ ಕ್ಷೇಮ. ರೋಗ ಹಬ್ಬಿದ ತೋಟಕ್ಕೆ ಬಸಿಗಾಲುವೆ, ಕೊಟ್ಟಿಗೆ ಗೊಬ್ಬರ, ಹದವರಿತ ಪೋಷಣೆ ಕೊಟ್ಟರೆ ಮರ ಇನ್ನಷ್ಟು ಕಾಲ ಫಸಲು ಕೊಟ್ಟೀತು, ರೋಗವೇನೋ ಹೋಗದು.

ಆಸೆ ಇರುವುದು ಇನ್ನೊಂದು ಕಡೆ. ಸುತ್ತಲೂ ರೋಗವಿದ್ದರೂ ನಡುವೆ ಹಸುರಾಗಿ ನಿಂತ ಮರಗಳು ಅಲ್ಲೊಂದು ಇಲ್ಲೊಂದು ಕಾಣುತ್ತವೆ. ಅಂಥವುಗಳ ಎಳೆಯ ಸಿಂಗಾರದ ಕೋಶಗಳಿಂದ ಹೊಸ ಸಸಿ ಬೆಳೆಸುವ ಕೆಲಸವನ್ನು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಕೈಗೊಂಡಿದ್ದಾರೆ. ನಿಮ್ಮ ತೋಟದಲ್ಲಾಗಲಿ, ಊರಿನ ಬಂಧುಗಳ ತೋಟದಲ್ಲಾಗಲಿ ಅಂಥ ಒಂದು ಮರ ಇದ್ದರೆ ಅದನ್ನು ಗುರುತಿಟ್ಟು ಕಾಪಾಡಿ, ತಜ್ಞರಿಗೆ ತಿಳಿಸಿ. ನಾಳಿನ ತೋಟ ಆ ಒಂದು ಮರದಿಂದಲೇ ಹುಟ್ಟಬಹುದು.